ಅಂಟಾರ್ಕ್ಟಿಕಾದಲ್ಲಿ ಶೇಖಮ್ಮ ಬಿಚ್ಚಿದ ಗಂಟು

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವ ಶೇಖಮ್ಮ ತಿರುಪತಿಗೆ ಹೋಗಿ ತಿಮ್ಮಪ್ಪನನ್ನು ನೋಡಿಲ್ಲ, ಗೋವಾಕ್ಕೆ ಹೋಗಿ ಸಮುದ್ರ ನೋಡಿಲ್ಲ, ಮೈಸೂರಿಗೆ ಹೋಗಿ ಅರಮನೆ ನೋಡಿಲ್ಲ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಹೋದಲ್ಲೆಲ್ಲ ಅವಳು ರೊಟ್ಟಿ ಬಡಿಯಲು ಹೋಗಿದ್ದಳು, ಅಷ್ಟೇ. ಈ ಭಾಗದ ಮಂದಿ ಪ್ರವಾಸ ಹೊರಟರೆ ಬಸ್ಸಿನ ಮೇಲೆ ಹಾಸಿಗೆ, ಬಸ್ಸಿನ ಹಿಂದೆ ಸಿಲಿಂಡರು, ಸಿಲಿಂಡರಿನ ಪಕ್ಕದಲ್ಲಿ ಶೇಖಮ್ಮ. ತಿರುಪತಿಯಲ್ಲಿ ಛತ್ರದ ಹಿಂದೆ ಒಲೆ ಹೂಡಿದರು, ಗೋವಾದಲ್ಲಿ ಲಾಡ್ಜಿನ ಹಿಂದೆ, ಎರಡೂ ಕಡೆ ಹಿತ್ತಲ ಗೋಡೆಗೆ ಮುಖ ಮಾಡಿ. ಮಂದಿ ನೋಡಿ ಬರುವಷ್ಟರಲ್ಲಿ ರೊಟ್ಟಿ ಬಿಸಿಯಾಗಿರಬೇಕು. ಅವರು ಉಂಡು ಕೈತೊಳೆಯುವಷ್ಟರಲ್ಲಿ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ.

ಊರಿಗೆ ಮರಳಿದ ದಿನ ಎದುರು ಮನೆಯ ಖಾಸಿಂಬೀ ಹೊಸ್ತಿಲ ಮೇಲೆ ಕುಳಿತು ಕೌದಿ ಹೊಲಿಯುತ್ತ, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳುತ್ತಿದ್ದಳು.

“ಈ ಸಲ ಏನ್ ನೋಡಿ ಬಂದಿ ಬೇ?”

“ಗ್ವಾಡಿ.”

“ಯಾವ ಬಣ್ಣದ್ದು?”

“ತಿರುಪತೀದು ಹಳದಿ ಇತ್ತು. ಗೋವಾದ್ದು ಹಸಿರು. ಪಾಚೀನೋ ಪೇಂಟೋ ಗೊತ್ತಾಗಲಿಲ್ಲ.”

ಇಬ್ಬರೂ ನಗುತ್ತಿದ್ದರು. ಆದರೆ ಖಾಸಿಂಬೀ ಸ್ವಲ್ಪ ಬೇಗನೆ ನಗು ನಿಲ್ಲಿಸುತ್ತಿದ್ದಳು.

ಶೇಖಮ್ಮ ಹುಟ್ಟಿದ್ದು ಸುರಪುರದ ಹತ್ತಿರದ ದೇವಾಪುರದಲ್ಲಿ, ಕುರಿ ಸಾಕುವ ಮನೆಯಲ್ಲಿ. ಅವಳ ತಾಯಿ ಮಕ್ಕಳಾಗಲೆಂದು ದರ್ಗಾಕ್ಕೆ ಹರಕೆ ಹೊತ್ತಿದ್ದರಿಂದ ಶೇಖ್ ಎಂಬ ಹೆಸರಿಗೆ ಅಮ್ಮ ಸೇರಿ ಶೇಖಮ್ಮಳಾದಳು. ಮದುವೆಯಾಗಿ ಶಹಾಪುರಕ್ಕೆ ಬಂದಳು. ಗಂಡ ಲಾರಿ ಓಡಿಸುತ್ತ ಓಡಿಸುತ್ತ ಒಂದು ದಿನ ತಾನೇ ಓಡಿಹೋದ. ಕೈಯಲ್ಲಿ ಉಳಿದದ್ದು ಮಗಳು ಸುಮಲತಾ, ಕಬ್ಬಿಣದ ಹಂಚು, ಹಿಟ್ಟು ನಾದುವ ಮರದ ಪರಾತ ಮತ್ತು ಆ ಕೈ. ಆ ಕೈ ಬಡಿದ ಜೋಳದ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ಕುಳಿತವರ ಮೀಸೆ ಕಾಣುತ್ತಿತ್ತು ಎಂದು ಗಿರಾಕಿಗಳು ಹೇಳುತ್ತಾರೆ. ಗಿರಾಕಿಗಳು ಹೇಳುವುದರಲ್ಲಿ ಅರ್ಧ ಹಸಿವಿನ ಮಾತು. ಉಳಿದರ್ಧ ನಿಜ.

ಆ ಗಿರಾಕಿಗಳಲ್ಲಿ ಒಬ್ಬರು ಯಾದಗಿರಿಯ ದಾಲ್ ಮಿಲ್ ಮಾಲೀಕರಾದ ವಿಶ್ವಾರಾಧ್ಯಪ್ಪ ಸಾಹುಕಾರರು. ತೊಗರಿ ಖರೀದಿಗೆ ಶಹಾಪುರಕ್ಕೆ ಬಂದಾಗಲೆಲ್ಲ ಊಟ ಇಲ್ಲೇ. ಹೋದ ವರ್ಷ ದೀಪಾವಳಿ ಮುಂದೆ ಅವರ ಜೊತೆ ಅಸದ ಬಂದು ಕುಳಿತ. ಯಾದಗಿರಿಯ ಈ ಅಸದ ಅಜ್ಮೀರಕ್ಕೆ ಮಂದಿ ಕರೆದೊಯ್ಯುವುದರಿಂದ ಶುರು ಮಾಡಿ, ದುಬೈವರೆಗೆ ಬೆಳೆದು, ಈಗ ಭೂಮಿಯೇ ಮುಗಿಯುವ ಕಡೆಗೆ ಟೂರು ಹಾಕಿದ್ದ. ಅಂಟಾರ್ಕ್ಟಿಕಾ. ಯಾದಗಿರಿ, ಕಲಬುರಗಿ ಕಡೆಯ ವ್ಯಾಪಾರಿಗಳ ಒಂದು ದಂಡು ಆಗಲೇ ಸಿದ್ಧವಾಗಿತ್ತು. ಎಲ್ಲರೂ ಸಾಹುಕಾರರ ಬೀಗರೋ ಭಾಗೀದಾರರೋ. ಸಾಹುಕಾರರು ಹ್ಞೂಂ ಅಂದರೆ ದಂಡೆಲ್ಲ ಹ್ಞೂಂ.

“ಹಡಗಿನ್ಯಾಗ ಎಲ್ಲಾ ಸಿಗತಾದ್ರಿ ಸಾಹುಕಾರ್ರ,” ಎಂದ ಅಸದ. “ಇಂಡಿಯನ್ ಊಟಾನೇ ಅದ. ಪನೀರ್ ಅದ, ದಾಲ್ ಅದ, ನಾನ್ ಅದ.”

“ರೊಟ್ಟಿ?”

“ಅದೊಂದು ಇಲ್ರಿ.”

“ನಾನ್ ಇದ್ದಲ್ಲಿ ನಾ ಇಲ್ಲಪಾ,” ಎಂದು ಸಾಹುಕಾರರು ತಟ್ಟೆಯ ಕಡೆ ಬಾಗಿದರು. ಮಾತು ಮುಗಿಯಿತು ಎಂಬುದಕ್ಕೆ ಅವರು ಹಾಗೆ ಬಾಗುತ್ತಾರೆ.

ಅಸದ ಕಂಗಾಲಾಗಿ ಸುತ್ತ ನೋಡಿದ. ಒಳಗಿನಿಂದ ಪಟ ಪಟ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವನ ಮುಖದಲ್ಲಿ ಬೆಳಕು ಮೂಡಿತು.

“ಶೇಖಮ್ಮಕ್ಕಾ, ನಿಮ್ಮ ಹತ್ರ ಪಾಸ್‌ಪೋರ್ಟ್ ಅದ ಏನ್ರಿ?”

“ರೇಷನ್ ಕಾರ್ಡ್ ಅದ.”

ವಿಷಯ ತಿಳಿದ ಮೇಲೆ ಶೇಖಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು. “ಬರತೀನಿ. ಆದರ ಒಂದು ಮಾತು. ಈ ಸಲ ನಾನೂ ಇಳಿಯಾಕಿ. ಆ ನೆಲದ ಮ್ಯಾಲೆ ನಿಂದ್ರಬೇಕು, ನನ್ನ ಕಣ್ಣಿಲೆ ನೋಡಬೇಕು. ಗ್ವಾಡಿ ನೋಡಿ ನೋಡಿ ಸಾಕಾಗ್ಯಾದ.”

“ಅಯ್ಯ, ಅದೇನ್ ದೊಡ್ಡ ಮಾತಕ್ಕ,” ಎಂದ ಅಸದ. ಟೂರಿನವರು ಹ್ಞೂಂ ಅನ್ನುವ ವೇಗದಲ್ಲಿ ಇನ್ನೂ ಯಾವ ವಿಮಾನವೂ ಹಾರಿಲ್ಲ.

ಅಂತೂ ಮಂಜು ನೋಡಲು ಪಾಸ್‌ಪೋರ್ಟ್ ಮಂಜೂರಾಯಿತು. ಹೊರಡುವ ದಿನ ಖಾನಾವಳಿಯ ಮುಂದೆ ಓಣಿಯೆಲ್ಲ ಸೇರಿತ್ತು. ಸಾಹುಕಾರರ ದೊಡ್ಡ ಕಾರು ಬಂದು ನಿಂತಿತು. ಖಾಸಿಂಬೀ ಹಸಿರು ಸಾಟಿನ್ ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ತಂದು ಶೇಖಮ್ಮನ ಬಲದೋಳಿಗೆ, ರವಿಕೆಯ ತೋಳು ಮುಗಿಯುವಲ್ಲಿ, ಬಿಗಿಯಾಗಿ ಕಟ್ಟಿದಳು. ಅದು ಇಮಾಮ್ ಜಾಮಿನ್. ದೂರ ಹೊರಟವರಿಗೆ ಒಳಗೊಂದು ರೂಪಾಯಿ ಇಟ್ಟು ಹೊಲಿದು, ದುವಾ ಮಾಡಿ ಕಟ್ಟುತ್ತಾರೆ. ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ, ಆ ರೂಪಾಯಿಯನ್ನು ಅಲ್ಲಿನ ಬಡವರಿಗೆ ದಾನ ಮಾಡಬೇಕು. ಈ ಓಣಿಯಲ್ಲಿ ಅದನ್ನು ಕಟ್ಟುವಾಗ ಯಾರೂ ತೋಳಿನ ಧರ್ಮ ಕೇಳುವುದಿಲ್ಲ.

“ಸುನ್ ಶೇಖಮ್ಮಾ,” ಎಂದಳು ಖಾಸಿಂಬೀ. “ವಿಮಾನ ಇಳದ್ರ ಬಿಚ್ಚಬ್ಯಾಡ. ಹಡಗ ಹತ್ತಿದ್ರ ಬಿಚ್ಚಬ್ಯಾಡ. ಆ ಬರ್ಫಿನ ನೆಲಕ್ಕ ನಿನ್ನ ಕಾಲು ತಾಕಬೇಕು, ಆಮ್ಯಾಲೆ ಬಿಚ್ಚು. ಒಳಗಿನ ರೂಪಾಯಿ, ಅಲ್ಲಿ ಯಾರು ಮೊದಲ ಕೈ ಚಾಚತಾರ ಅವರಿಗೆ ಕೊಡು. ಯಾರು ಏನು ಕೇಳಾಕ ಹೋಗಬ್ಯಾಡ.”

“ಕಾಲು ತಾಕದೆ ಹೋದ್ರ?”

“ಕಟಗೊಂಡು ಬಾ. ಅಂದ್ರ ಮತ್ತ ಗ್ವಾಡಿ ನೋಡಿ ಬಂದಿ ಅಂತ ಇಡೀ ಓಣಿಗೆ ಗೊತ್ತಾಗತಾದ.”

ಕಾರಿನ ಕಿಟಕಿ ಇಳಿಯಿತು. “ಖಾಸಿಂಬೀ, ಅಲ್ಲಿ ಕೈ ಚಾಚೋರು ಯಾರದಾರ?” ಎಂದರು ಸಾಹುಕಾರರು. “ಪೆಂಗ್ವಿನ್‌ಗೆ ಕೈನೇ ಇಲ್ಲ. ರೆಕ್ಕಿ ಅವ.”

“ನಿಮಗ್ಯಾಕ್ರಿ ಆ ಚಿಂತಿ. ನೀವು ಸ್ವೆಟರ್ ಹಾಕ್ಕೊಳ್ರಿ.”

ಹೀಗೆ, ಆ ಜಮೀನು ಮುಟ್ಟುವವರೆಗೆ ಈ ಜಾಮೀನು ಎಂದಾಯಿತು. ಹೈದರಾಬಾದಿನಿಂದ ವಿಮಾನ, ಅಲ್ಲಿಂದ ಇನ್ನೊಂದು, ಅದರಿಂದ ಮತ್ತೊಂದು. ಕೊನೆಗೆ ಅರ್ಜೆಂಟೀನಾದ ತುದಿಯ ಉಶುವಾಯಾ ಎಂಬ ಊರಿನಲ್ಲಿ ಹಡಗು. ಹಿಟ್ಟಿನ ಚೀಲ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಹಂಚು, ಪರಾತಗಳ ಜೊತೆ ಶೇಖಮ್ಮ ಹಡಗಿನ ಹೊಟ್ಟೆಯೊಳಗಿನ ಅಡುಗೆಮನೆ ಸೇರಿದಳು. ಅಲ್ಲಿ ಬೆಂಕಿಯೇ ಇರಲಿಲ್ಲ. ಕರಿ ಗಾಜಿನಂಥ ಒಲೆ, ಮುಟ್ಟಿದರೆ ತಣ್ಣಗೆ, ಹಂಚಿಟ್ಟರೆ ಕಾದು ಕೆಂಡ.

“ಉರಿ ಇಲ್ಲ, ಹೊಗಿ ಇಲ್ಲ,” ಎಂದು ಅವಳು ಅಸದನಿಗೆ ಹೇಳಿದಳು. “ನನ್ನ ಗಂಡನ ಸಿಟ್ಟು ಇದ್ದಂಗ ಅದ.”

ಡ್ರೇಕ್ ಎಂಬ ಹೆಸರಿನ ಆ ಸಮುದ್ರಕ್ಕೆ ಬ್ರೇಕ್ ಇಲ್ಲ. ಹಡಗು ಎಡಕ್ಕೆ ಒರಗಿದಾಗ ರೊಟ್ಟಿ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಒರಗಿದಾಗ ಶೇಖಮ್ಮ ಬಲಕ್ಕೆ. ಸೊಂಟಕ್ಕೆ ಹಳೇ ಸೀರೆ ಸುತ್ತಿ ಅಡುಗೆ ಕಟ್ಟೆಯ ಕಂಬಿಗೆ ಬಿಗಿದುಕೊಂಡಳು. ಆದರೂ ಮೊದಲ ದಿನದ ರೊಟ್ಟಿಗಳು ಒಂದೊಂದು ಒಂದೊಂದು ತಾಲ್ಲೂಕಿನ ನಕಾಶೆಯಾಗಿ ಬಂದವು. ಒಂದು ಮಾತ್ರ ದುಂಡಗಾಗಿತ್ತು. ಅದು ಹಾರಿ ಹೋಗಿ ಫಿಲಿಪೀನ್ಸಿನ ಅಡುಗೆಯವನ ಸೂಪಿನಲ್ಲಿ ಬಿತ್ತು. ಅವನು ತೆಗೆದು ತಿಂದು, ಹೆಬ್ಬೆರಳು ಎತ್ತಿ ತೋರಿಸಿದ.

ಇಷ್ಟಾಗಿ ಉಣ್ಣುವವರು ಯಾರು. ವ್ಯಾಪಾರಿಗಳ ದಂಡೆಲ್ಲ ಹಾಸಿಗೆಯಲ್ಲಿ ಬಿದ್ದು ಹೊರಳುತ್ತಿತ್ತು. ಸಾಹುಕಾರರು ರೊಟ್ಟಿ ತರಿಸಿಕೊಂಡು, ಮೂಸಿ ನೋಡಿ, ವಾಪಸು ಕಳಿಸಿದರು.

“ತಿನ್ನಲಿಲ್ಲಂತಲ್ಲೋ,” ಎಂದಳು ಶೇಖಮ್ಮ.

“ವಾಸನಿ ಬಂದ್ರ ಧೈರ್ಯ ಬರತಾದಂತಕ್ಕ. ಒಂದು ದಿಂಬಿನ ಬಾಜೂ ಇಡ್ರಿ ಅಂದಾರ,” ಎಂದ ಅಸದ. ಅವನ ಮುಖವೂ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಸಮುದ್ರ ಶಾಂತವಾದ ದಿನ ಮೇಲಿನ ಅಂತಸ್ತಿನಲ್ಲಿ ಕೂಗು, ಓಡಾಟ, ಫೋಟೋ. ಐಸ್ ಬಂತು, ಐಸ್ ಬಂತು ಎಂದು ಎಲ್ಲ ಹೊರಗೋಡಿದರು. ಅಡುಗೆಮನೆಯ ಒಂದೇ ಒಂದು ದುಂಡು ಕಿಟಕಿಗೆ ಶೇಖಮ್ಮ ಮುಖ ಒತ್ತಿದಳು. ಹೊರಗೆ ಬಿಳಿ. ಮೇಲೂ ಬಿಳಿ, ಕೆಳಗೂ ಬಿಳಿ. ಇದೂ ಗೋಡೆಯೇ. ಈ ಸಲ ಸುಣ್ಣ ಹೊಡೆದದ್ದು.

ಅಸದ ತಲೆ ಕೆರೆಯುತ್ತ ಬಂದ. “ಅಕ್ಕಾ, ಒಂದು ಸಣ್ಣ ಪ್ರಾಬ್ಲಮ್ ಅದ್ರಿ. ಅಡಗಿ ಮಂದಿ ಕಡೀಕ ಇಳೀಬೇಕಂತ. ರಬ್ಬರ್ ದೋಣ್ಯಾಗ ಜಾಗ ಉಳದ್ರ. ಗಾಳಿ ಸುಮ್ಮನಿದ್ರ.”

“ಪಂಕ್ತಿ ಎದ್ದ ಮ್ಯಾಲೆ ಅಡಗಿಯವರು ಉಂಡಂಗ.”

“ಹಂಗ ಅಂದ್ಕೋರಿ.”

“ನಾ ಅದರಾಗೇ ಮುಪ್ಪಾಗೀನಿ ತಮ್ಮಾ. ಸಾರು ಉಳದ್ರ ಅನ್ನ ಉಳಿಯಂಗಿಲ್ಲ.”

ಹಾಗೇ ಆಯಿತು. ಮೊದಲ ಸಲ ಮಂದಿ ಇಳಿದಾಗ ಮಧ್ಯಾಹ್ನದ ಊಟದ ಹೊತ್ತು. ಇನ್ನೊಂದು ಸಲ ಜಾಗವಿತ್ತು, ಗಾಳಿ ಎದ್ದಿತು, ದೋಣಿಗಳನ್ನು ಮೇಲೆಳೆದುಕೊಂಡರು. ಮತ್ತೊಂದು ಸಲ ಗಾಳಿ ಇರಲಿಲ್ಲ, ಜಾಗವೂ ಇರಲಿಲ್ಲ. ಸಾಹುಕಾರರಿಗೆ ಈಗ ಹಸಿವು ಮರಳಿತ್ತು. ಮೇಲಿಂದ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತು ಬಿಸಿ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿನ್ನುತ್ತ, “ಏನ್ ದೃಶ್ಯ ಅಂತಿ ಶೇಖಮ್ಮಾ, ಬಾಯಿಲೆ ಹೇಳಾಕ ಬರಂಗಿಲ್ಲ,” ಎನ್ನುತ್ತಿದ್ದರು. ಬಾಯಿ ತುಂಬಿದ್ದರಿಂದ ಅದು ನಿಜವೂ ಆಗಿತ್ತು. ಆಮೇಲೆ ಅವಳ ತೋಳಿನ ಕಡೆ ಕಣ್ಣು ಹಾಯಿಸಿ, “ಇನ್ನೂ ಬಿಚ್ಚಿಲ್ಲೇನು?” ಎಂದು ತಪ್ಪದೆ ಕೇಳುತ್ತಿದ್ದರು.

ಕೊನೆಯ ಸಲ ಇಳಿಯುವ ದಿನ ಬಂತು. ಮಂದಿಯನ್ನು ದಂಡೆಗೆ ಇಳಿಸುವ ತಂಡದ ಮುಖ್ಯಸ್ಥೆ ಇಂಗ್ರಿಡ್ ಎಂಬ ನಾರ್ವೆಯ ಹೆಂಗಸು, ಕಡೆಯ ದೋಣಿಯಲ್ಲಿ ಅಡುಗೆಮನೆಯವರು ಬರಬಹುದು ಎಂದಳು. ಅಸದ ಓಡಿ ಬಂದು ಹೇಳಿದಾಗ ಶೇಖಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ತಿರುವದೆ ಹಾಗೇ ಬಿಟ್ಟು ಬಂದಳು. ಜೀವಮಾನದಲ್ಲಿ ಅದೇ ಮೊದಲು.

ಸೀರೆಯ ಮೇಲೆ ನೀರು ತಾಗದ ಪ್ಯಾಂಟು ಏರಿಸಬೇಕಿತ್ತು. ಹೊಲದ ಹೆಂಗಸರಂತೆ ಕಚ್ಚೆ ಹಾಕಿ ಬಿಗಿದು, ಮೇಲೆ ಪ್ಯಾಂಟು ಎಳೆದಳು. ತೋಳಿಲ್ಲದ ಸ್ವೆಟರು ಹಾಕಿಕೊಂಡಳು. ಕನ್ನಡಿಯಲ್ಲಿ ಹತ್ತಿ ಮೂಟೆಯೊಂದು ನಿಂತಿತ್ತು. ಮೂಟೆಗೆ ಸಂತೋಷವೋ ಸಂತೋಷ.

ಆಮೇಲೆ ತಪಾಸಣೆ. ಆ ನೆಲಕ್ಕೆ ಹೊರಗಿನ ಒಂದು ಕಾಳು, ಒಂದು ಹುಲ್ಲಿನ ಎಳೆ ಕೂಡ ಹೋಗಬಾರದು. ಬೂಟನ್ನು ಔಷಧಿ ನೀರಿನಲ್ಲಿ ಅದ್ದುತ್ತಾರೆ, ಜೇಬುಗಳಿಗೆ ಕಸ ಹೀರುವ ಯಂತ್ರ ಹಿಡಿಯುತ್ತಾರೆ. ಶೇಖಮ್ಮ ಕೆಂಪು ಜಾಕೆಟ್ಟಿಗೆ ಕೈ ತೂರಿಸುತ್ತಿದ್ದಾಗ ಇಂಗ್ರಿಡ್ ತೋಳಿನ ಹಸಿರು ಪಟ್ಟಿಯನ್ನು ಕಂಡಳು. ಬೆರಳಿನಿಂದ ಒತ್ತಿ ನೋಡಿದಳು. ಏನೋ ಕೇಳಿದಳು.

“ಒಳಗ ಏನದ ಅಂತಾಳ್ರಿ ಅಕ್ಕಾ,” ಎಂದ ಅಸದ.

“ರೂಪಾಯಿ ಅದ ಅನ್ನು.”

“ರೂಪಾಯಿ ಗರಗರ ಅನ್ನಂಗಿಲ್ಲ ಅಂತಾಳ.”

ಶೇಖಮ್ಮ ತಾನೇ ಒತ್ತಿ ನೋಡಿದಳು. ಜೋಳದ ಕಾಳನ್ನು ಅವಳ ಬೆರಳಿಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಮುಖ ಸಣ್ಣದಾಯಿತು.

ಇಂಗ್ರಿಡ್ ಸಮಾಧಾನದಿಂದಲೇ ಹೇಳಿದಳು. ಕಾಳು ದಂಡೆಗೆ ಬರುವಂತಿಲ್ಲ. ಬಿಚ್ಚಿ ಹಡಗಿನಲ್ಲಿಡಬೇಕು, ಇಲ್ಲದಿದ್ದರೆ ಅವಳೇ ಹಡಗಿನಲ್ಲಿರಬೇಕು. ನೆಲ ಮುಟ್ಟುವ ಮುನ್ನ ಬಿಚ್ಚಬೇಡ ಎಂದು ಅಲ್ಲಿ ಖಾಸಿಂಬೀ, ಬಿಚ್ಚದೆ ನೆಲ ಮುಟ್ಟಬೇಡ ಎಂದು ಇಲ್ಲಿ ಇಂಗ್ರಿಡ್. ಕೆಳಗೆ ದೋಣಿಯ ಎಂಜಿನ್ ಗುರುಗುಟ್ಟುತ್ತಿತ್ತು.

“ಬಿಚ್ಚಿ ಇಡ್ರಿ ಅಕ್ಕಾ, ಬಂದು ಮತ್ತ ಕಟಗೋರಿ. ಖಾಸಿಂಬೀಗೇನ್ ಇಲ್ಲೀತನಕ ಕಾಣತಾದ?”

“ಅಕಿ ಗಂಟು ಅಕಿಗೆ ಗೊತ್ತಾಗಲ್ಲೇನೋ. ಅಕಿಗೆ ಹೋಗಲಿ, ನನಗ ಗೊತ್ತಾಗತಾದಲ್ಲ.” ಗಂಟಿನ ಮೇಲೆ ಕೈಯಿಟ್ಟುಕೊಂಡು, “ಫೋನ್ ಹಚ್ಚು,” ಎಂದಳು.

ಹಡಗಿನ ವೈಫೈ ಆಕಾಶಕ್ಕೆ ಹೋಗಿ ಶಹಾಪುರದಲ್ಲಿ ಇಳಿಯಿತು. ಅಲ್ಲಿ ಸಂಜೆ ಚಹಾದ ಹೊತ್ತು. ಸುಮಲತಾ ಫೋನು ಹಿಡಿದು ಓಣಿ ದಾಟಿದಳು, ಅವಳ ಹಿಂದೆ ಓಣಿಯೂ ದಾಟಿತು. ಪರದೆಯಲ್ಲಿ ಮೊದಲು ಖಾಸಿಂಬೀಯ ಕಿವಿ ಬಂತು, ಆಮೇಲೆ ಮುಖ.

“ಜ್ವಾಳ ಇಟ್ಟೀ ಏನ ಒಳಗ?” ಎಂದಳು ಶೇಖಮ್ಮ.

“ಇಟ್ಟೀನಿ. ನಿಮ್ಮ ಮನಿ ಡಬ್ಬೀದೇ, ಒಂದು ಚಿಟಿಕಿ. ಪರದೇಶದಾಗ ಹಸದು ಕುಂತ್ರ?”

“ಚಿಟಿಕಿ ಜ್ವಾಳಕ್ಕ ಹೊಟ್ಟಿ ತುಂಬತಾದೇನ್ ಬೇ? ಚೀಲಗಟ್ಲೆ ಹಿಟ್ಟು ತಂದೀನಿ.”

“ಅದು ಸಾಹುಕಾರನ ಮಂದೀದು. ಇದು ನಿಂದು.”

ಶೇಖಮ್ಮ ಫೋನನ್ನು ಅಸದನ ಕೈಗೆ ಕೊಟ್ಟಳು. ಅಸದನೇ ನಿಯಮ ವಿವರಿಸಿದ. ಖಾಸಿಂಬೀ ದಾರ ಕಚ್ಚುವಂತೆ ತುಟಿ ಕಚ್ಚಿ ಯೋಚಿಸಿದಳು.

“ಕೇಳಿಲ್ಲಿ. ಗಂಟು ನಾ ದುವಾ ಮಾಡಿ ಹಾಕೀನಿ. ಅದನ್ನ ಮುಟ್ಟಬ್ಯಾಡ. ಹೊಲಿಗಿಗೆ ಏನೂ ಓದಿಲ್ಲ, ಅದು ಬರೇ ದಾರ. ಅಂಚಿನ ಹೊಲಿಗಿ ಬಿಚ್ಚು, ಜ್ವಾಳ ತಗದು ತಿಂದುಬಿಡು. ನೀ ತಿನ್ನಲಿ ಅಂತನೇ ಇಟ್ಟೀನಿ.”

“ಹಸೀ ಕಾಳು?”

“ಹೊಲದಾಗ ಸೀತನಿ ತಿನ್ನಂಗಿಲ್ಲೇನು ನೀ?”

“ಸೀತನಿ ಅಂದ್ರ ಎಳೀ ತೆನಿ ಬೇ, ಸುಟ್ಟು ತಿನ್ನೋದು. ಇದು ಕಲ್ಲು.”

“ಹಲ್ಲು ಅವಲ್ಲ. ಕಡಿ.”

ಇಂಗ್ರಿಡ್ ತನ್ನ ಪೆಟ್ಟಿಗೆಯಿಂದ ಸಣ್ಣ ಕತ್ತರಿ ತಂದಳು. ತೋಳಿನ ಗಂಟು ತೋಳಿನಲ್ಲೇ ಇತ್ತು. ಅಂಚಿನ ನಾಲ್ಕು ಹೊಲಿಗೆ ಬಿಚ್ಚಿ, ಕಾಳುಗಳನ್ನು ಅಂಗೈಗೆ ಉದುರಿಸಿಕೊಂಡು, ಶೇಖಮ್ಮ ಒಮ್ಮೆಗೇ ಬಾಯಿಗೆ ಹಾಕಿಕೊಂಡಳು. ಕಟಕಟ ಸದ್ದು ಶಹಾಪುರದವರೆಗೆ ಕೇಳಿಸಿತು. ನುಂಗಿ ನೀರು ಕುಡಿದು, ಮಾತ್ರೆ ತಿಂದ ಮಗುವಿನ ಹಾಗೆ ಬಾಯಿ ಅಗಲಿಸಿ ತೋರಿಸಬೇಕಾಯಿತು. ಇಂಗ್ರಿಡ್ ಟಾರ್ಚು ಹಾಕಿ ದವಡೆಯ ಸಂದುಗಳನ್ನೂ ನೋಡಿದಳು. ರೂಪಾಯಿಯೊಂದೇ ಉಳಿದ ಪಟ್ಟಿಗೆ ಯಂತ್ರ ಹಿಡಿದಳು. ಆಮೇಲೆ ನಕ್ಕು ಏಣಿಯ ಕಡೆ ಕೈ ತೋರಿಸಿದಳು.

ದೋಣಿ ಹಡಗಿನ ಗೋಡೆಯಿಂದ ದೂರ ಸರಿದದ್ದೇ ತಡ, ಬಿಳಿ ಬಿಡಿಬಿಡಿಯಾಯಿತು. ಅದರಲ್ಲಿ ನೀಲಿಯಿತ್ತು. ಹಸಿರಿತ್ತು. ಬೆಟ್ಟದಷ್ಟು ಎತ್ತರದ ಬರ್ಫು ತೇಲುತ್ತಿತ್ತು, ಅದರ ಬುಡದಲ್ಲಿ ಬಾಗಿಲಿನಂಥ ನೀಲಿ ಬಿರುಕು. ಶೇಖಮ್ಮ ಅಸದನ ಜಾಕೆಟ್ಟನ್ನು ಹಿಡಿದೆಳೆದಳು.

“ಅಲ್ನೋಡೋ ತಮ್ಮಾ. ನಮ್ಮ ಶಹಾಪುರದ ಗುಡ್ಡಕ್ಕ ಸುಣ್ಣ ಬಳದು ನೀರಾಗ ಮಲಗಿಸ್ಯಾರ.”

ಶಹಾಪುರದ ಗುಡ್ಡ ದೂರದಿಂದ ಮಲಗಿದ ಮನುಷ್ಯನಂತೆ ಕಾಣುತ್ತದೆ. ಇಲ್ಲೂ ನಿಜಕ್ಕೂ ಹಣೆ, ಮೂಗು, ಎದೆ, ಮಲಗಿದವನ ಪಾದ, ಎಲ್ಲ ಇತ್ತು.

ದಂಡೆಯ ಕಲ್ಲುಗಳ ಮೇಲೆ ಬೂಟು ಇಟ್ಟಳು. ಆಚೆ ಮಂಜು. ಇನ್ನೊಂದು ಹೆಜ್ಜೆಗೆ ಅದೂ ಕಾಲಡಿಗೆ ಬಂತು. ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋಣವೆಂದರೆ ಕೈ ತಾಗಿಸುವಂತಿಲ್ಲ, ಕೂರುವಂತಿಲ್ಲ ಎಂದು ಇಂಗ್ರಿಡ್ ಮೊದಲೇ ಹೇಳಿದ್ದಳು. ಏನೂ ತರಬಾರದು, ಏನೂ ಬಿಡಬಾರದು. ಆದ್ದರಿಂದ ಶೇಖಮ್ಮ ನಿಂತಲ್ಲೇ ಎರಡು ಸಲ ಸಣ್ಣಗೆ ಕುಪ್ಪಳಿಸಿದಳು. ನಮಸ್ಕಾರದ ಬದಲು ಅಷ್ಟು.

ಗಾಳಿ ತಿರುಗಿತು. ಜೊತೆಗೆ ಬಂದವರು ಮೂಗು ಮುಚ್ಚಿಕೊಂಡರು. ಶೇಖಮ್ಮ ಮೂಗರಳಿಸಿದಳು. “ನಮ್ಮ ದೇವಾಪುರದ ಕುರಿ ದೊಡ್ಡಿ,” ಎಂದಳು ಪ್ರೀತಿಯಿಂದ. ಎದುರಿಗೆ ಪೆಂಗ್ವಿನ್‌ಗಳ ಸಾಲು, ಮಂಜಿನಲ್ಲಿ ತಾವೇ ಮಾಡಿಕೊಂಡ ದಾರಿ ಹಿಡಿದು ಇಳಿದು ಬರುತ್ತಿತ್ತು. ಅವು ಬಂದರೆ ಮನುಷ್ಯರು ನಿಲ್ಲಬೇಕೆಂಬುದು ಅಲ್ಲಿಯ ಕಾನೂನು. ಕುರಿ ಹಿಂಡಿಗೆ ಬಸ್ಸು ನಿಲ್ಲುವ ಸೀಮೆಯಿಂದ ಬಂದವಳಿಗೆ ಅದನ್ನು ಬೇರೆ ಹೇಳಬೇಕೆ. ಅವಳು ಬದಿಗೆ ನಿಂತು, ತನಗರಿವಿಲ್ಲದೆ ನಾಲಿಗೆಯಿಂದ ಟುರ್ ಎಂದಳು. ಒಂದು ಪೆಂಗ್ವಿನ್ ನಿಂತು ತಲೆ ಓರೆ ಮಾಡಿ ನೋಡಿತು. ಹೆಸರಿಗೆ ಪೆಂಗ್ವಿನ್, ನೋಟದಲ್ಲಿ ಪೆಂಗತನ ಇರಲಿಲ್ಲ.

ಈಗ ಶೇಖಮ್ಮ ಗವಸು ತೆಗೆದು, ಜಾಕೆಟ್ಟಿನ ಬಲತೋಳು ಕಳಚಿ, ಎಡಗೈಯಿಂದಲೂ ಹಲ್ಲಿನಿಂದಲೂ ತೋಳಿನ ಗಂಟು ಬಿಚ್ಚಿದಳು. ಜಾಕೆಟ್ಟು, ಗವಸು ಮತ್ತೆ ತೊಟ್ಟು, ಪಟ್ಟಿಯನ್ನು ಜೇಬಿನಲ್ಲಿಟ್ಟು ಚೈನು ಎಳೆದಳು. ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಸುತ್ತ ನೋಡಿದಳು. ಇಡೀ ಖಂಡದಲ್ಲಿ ಬಡವರು ಯಾರೂ ಇರಲಿಲ್ಲ. ಪೆಂಗ್ವಿನ್‌ಗಳೆಲ್ಲ ಕೋಟು ಹಾಕಿಕೊಂಡಿದ್ದವು.

“ಶೇಖಮ್ಮಾ. ಏ ಶೇಖಮ್ಮಾ.”

ದನಿ ಕೆಳಗಿನಿಂದ ಬಂದಂತಿತ್ತು. ಕೆಂಪು ಬಾವುಟ ನೆಟ್ಟ ದಾರಿಯಿಂದ ಆಚೆ, ಮಂಜಿನಲ್ಲಿ ಅರ್ಧ ಸಾಹುಕಾರರು ಕಾಣುತ್ತಿದ್ದರು. ಮೊದಲ ದೋಣಿಯಲ್ಲೇ ಬಂದವರು, ಫೋಟೋಕ್ಕೆಂದು ಬಾವುಟ ದಾಟಿ ಹೋಗಿ ತೊಡೆಮಟ್ಟ ಹೂತುಹೋಗಿದ್ದರು. ಬೀಗರೆಲ್ಲ ಗುಡ್ಡದ ಮೇಲೆ ಬೇರೆ ಫೋಟೋದಲ್ಲಿದ್ದರು. ಸಾಹುಕಾರರು ಬಲಗೈಯ ಗವಸು ಕಿತ್ತು, ಅಂಗೈ ಮೇಲೆ ಮಾಡಿ, ಉದ್ದಕ್ಕೆ ಚಾಚಿದರು.

“ಕೈ ಕೊಡವ್ವಾ.”

ಶೇಖಮ್ಮ ಹತ್ತಿರ ಹೋಗಿ ನಿಂತಳು. ಆ ಅಂಗೈಯನ್ನೇ ನೋಡಿದಳು. “ಸಾಹುಕಾರ್ರ, ನೀವು ಕೈ ಚಾಚೀರಿ.”

“ಚಾಚದೆ ಏನ್ ಮಾಡಲಿ. ಮುಣಗೀನಿ.”

“ಮೊದಲ ನೀವೇ ಚಾಚೀರಿ.”

“ನಾನೇ. ಇಲ್ಲಿ ಮತ್ಯಾರದಾರ?”

ಅವಳು ರೂಪಾಯಿಯನ್ನು ಅವರ ಅಂಗೈಯಲ್ಲಿ ಮೆಲ್ಲಗೆ ಇಟ್ಟು, ಕೈ ಮುಗಿದಳು.

ಯಾದಗಿರಿಯ ದೊಡ್ಡ ದಾಲ್ ಮಿಲ್ಲಿನ ಮಾಲೀಕರು ನಾಣ್ಯವನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ನಾಣ್ಯವನ್ನು ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಹೊಟ್ಟೆ ಅಲುಗಾಡತೊಡಗಿತು. ನಗು ಹೆಚ್ಚಾದಷ್ಟೂ ಅವರು ಇನ್ನಷ್ಟು ಕೆಳಗಿಳಿದರು. ಶೇಖಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳಲು ಹೋದರೆ ಕೈಗವಸಿನ ದಪ್ಪಕ್ಕೆ ಕಣ್ಣೇ ಸಿಗಲಿಲ್ಲ. ಅಸದ ಮತ್ತು ಇಂಗ್ರಿಡ್ ಬಂದರು. ಮೂವರೂ ಸೇರಿ, ನಾಲ್ವರೂ ನಗುತ್ತ, ಸಾಹುಕಾರರನ್ನು ಎಳೆದು ತೆಗೆದರು. ಒಂದು ಬೂಟು ಒಳಗೇ ಉಳಿಯಿತು, ಅದನ್ನೂ ತೆಗೆದರು. ಪೆಂಗ್ವಿನ್ ಬೀಳಬಾರದೆಂದು ಸಾಹುಕಾರರ ಗುಂಡಿಯನ್ನು ಮುಚ್ಚಿಸಿದಳು ಇಂಗ್ರಿಡ್.

“ತಗೊಳವ್ವ ನಿನ್ನ ರೂಪಾಯಿ,” ಎಂದರು ಸಾಹುಕಾರರು, ಒಂದು ಕಾಲಲ್ಲಿ ನಿಂತು.

“ದಾನ ಕೊಟ್ಟದ್ದು ವಾಪಸ್ ತಗೋಳಾಕ ಬರಂಗಿಲ್ರಿ.”

ಅಲ್ಲಿ ಬಿಡುವಂತೆಯೂ ಇರಲಿಲ್ಲ. ಜೇಬಿಗೆ ಹಾಕಿಕೊಂಡು ಬಂದರು.

ಶಹಾಪುರದಲ್ಲಿ ಕಾರು ನಿಂತಾಗ ಖಾಸಿಂಬೀ ಹೊಸ್ತಿಲ ಮೇಲೇ ಇದ್ದಳು. ಎದ್ದು ಬಂದು ಮೊದಲು ಬಲದೋಳನ್ನು ಮುಟ್ಟಿ ನೋಡಿದಳು. ತೋಳು ಖಾಲಿ ಇತ್ತು. ಆಮೇಲೆ ಶೇಖಮ್ಮನನ್ನು ಖಾನಾವಳಿಯ ಒಳಗೆ ಕರೆದೊಯ್ದು ಒಲೆಯ ಮುಂದೆ ಕೂರಿಸಿ, ತಾನೂ ಕುಳಿತಳು.

“ಈಗ ಹೇಳು ಬೇ. ಏನ್ ನೋಡಿ ಬಂದಿ?”

ಶೇಖಮ್ಮ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, ಹಿಟ್ಟಿನ ಕೈ ಎತ್ತಿ ಶುರು ಮಾಡಿದಳು. ಬರ್ಫಿನೊಳಗಿನ ನೀಲಿ, ನೀರಿನಲ್ಲಿ ಮಲಗಿದ ಗುಡ್ಡ, ತಲೆ ಓರೆ ಮಾಡಿದ ಪೆಂಗ್ವಿನ್, ಕುರಿ ದೊಡ್ಡಿಯ ವಾಸನೆ. ಸುಮಲತಾ ಪಲ್ಯದ ಸೌಟು ಹಿಡಿದೇ ಕುಳಿತಳು, ಗಿರಾಕಿಗಳು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆಯಾಡಿತು, ಅದನ್ನು ತೆಗೆದಿಟ್ಟು ಹಾಕಿದ ಇನ್ನೊಂದೂ ಕರಿಯಾಯಿತು. ಕತೆಯಲ್ಲಿ ಸಾಹುಕಾರರು ಇನ್ನೂ ಮಂಜಿನಲ್ಲಿ ಹೂತೇ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಸಾಹುಕಾರರು ಹಸಿದು ಕುಳಿತಿದ್ದರು. ಕೊನೆಗೆ ತಡೆಯಲಾರದೆ ಎದ್ದು ಬಾಗಿಲಿಗೆ ಬಂದು, ಒಂದು ರೊಟ್ಟಿಗಾಗಿ ಕೈ ಚಾಚಲು ಹೋದರು. ಏನೋ ನೆನಪಾಯಿತು. ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿ, ಅಲ್ಲಿದ್ದ ರೂಪಾಯಿಯನ್ನು ಹಿಡಿದುಕೊಂಡು, ತಾವೂ ಕತೆ ಕೇಳುತ್ತ ನಿಂತರು.